ಕೈಗಡ ಹೋದ ಬೆಕ್ಕು

ಶನಿವಾರ ನಮ್ಮ ಸಾಲೆ ಮುಂಜಾನೆಯಷ್ಟೇ. ಮಧ್ಯಾಹ್ನ ಮನೆಗೆ ಬಂದು, ಉಂಡು, ಒಂದು ಕಪ್ ಚಹಾ ಮುಂದಿಟ್ಟುಕೊಂಡು ಕುಳಿತರೆ ನನ್ನಂಥ ಬುದ್ಧಿವಂತೆ ಇಡೀ ವಿಜಯಪುರದಲ್ಲಿ ಇನ್ನೊಬ್ಬಳಿಲ್ಲ ಅನಿಸುತ್ತದೆ. ಏಕೆಂದರೆ ಆ ಹೊತ್ತಿನಲ್ಲಿ ನಾನು ರವಿವಾರದ ಯೋಜನೆ ಹಾಕುತ್ತಿರುತ್ತೇನೆ. ಗಾದಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಬೇಕು, ಫ್ರಿಜ್ ತೊಳೆಯಬೇಕು, ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟಬೇಕು, ಓದದೆ ಬಿದ್ದಿರುವ ಪುಸ್ತಕವನ್ನು ಅರ್ಧವಾದರೂ ಮುಗಿಸಬೇಕು. ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಪಾಠ ಯೋಜನೆ ಬರೆದು ಬರೆದು ಕೈ ಪಳಗಿದೆ. ಆದರೆ ಪಾಠ ಯೋಜನೆಗೂ ಪಾಠಕ್ಕೂ ಎಷ್ಟು ಸಂಬಂಧ ಇರುತ್ತದೆಂದು ಮಾಸ್ತರಿಕೆ ಮಾಡಿದವರಿಗೆಲ್ಲ ಗೊತ್ತು. ರವಿವಾರ ಸಂಜೆ ನೋಡಿದರೆ ಗಾದಿ ಮಂಚದ ಮೇಲೇ ಇರುತ್ತದೆ, ಗಾದಿಯ ಮೇಲೆ ನಾನಿರುತ್ತೇನೆ.

ನಮ್ಮ ಮನೆಯವರಿಗೆ ಈ ತಾಪತ್ರಯವಿಲ್ಲ. ಅವರ ನೌಕರಿ ಬಬಲೇಶ್ವರದ ಒಂದು ಕಚೇರಿಯಲ್ಲಿ. ವಾರವಿಡೀ ಮುಂಜಾನೆ ಬಸ್ಸು, ಸಂಜೆ ಬಸ್ಸು. ಹಾಗಾಗಿ ಅವರ ರವಿವಾರದ ಯೋಜನೆ ಒಂದೇ: ಬಸ್ಸು ಹತ್ತಬಾರದು. ಅದು ಮಾತ್ರ ತಪ್ಪದೆ ನಡೆಯುತ್ತಿತ್ತು. ಮುಂಜಾನೆ ಪೇಪರು ಮತ್ತು ಚುರಮುರಿಯ ಸೂಸಲಾ, ಮಧ್ಯಾಹ್ನ ಒಂದು ನಿದ್ದೆ, ಸಂಜೆಗೆ ಮೂಲೆಯ ಗಾಡಿಯ ಮಿರ್ಚಿ ಭಜಿ. ಇದಕ್ಕಿಂತ ಹೆಚ್ಚಿನದನ್ನು ಮನುಷ್ಯ ಬಯಸಬಾರದೆಂದು ಅವರ ಅಭಿಪ್ರಾಯ. ಮಿರ್ಚಿ ಬಿಸಿಯಿದ್ದ ದಿನ ನನ್ನದೂ ಅದೇ ಅಭಿಪ್ರಾಯ.

ಇದರಲ್ಲೆಲ್ಲ ಅವರ ಜೊತೆಗಾತಿ ಬೆಲ್ಲವ್ವ. ಬೆಲ್ಲವ್ವ ನಮ್ಮ ಬೆಕ್ಕು. ಮೈಬಣ್ಣ ಹಳೆಯ ಬೆಲ್ಲದ್ದು, ಸ್ವಭಾವ ಅಷ್ಟು ಸಿಹಿ ಇಲ್ಲ. ಮಗಳು ಓದಲೆಂದು ಧಾರವಾಡದ ಹಾಸ್ಟೆಲ್ಲಿಗೆ ಹೋದ ವರ್ಷ ಇವರು ಬಬಲೇಶ್ವರದ ಸಂತೆಯಿಂದ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಬಂದರು. ನಾನು ಬದನೆಕಾಯಿ ತರಲು ಹೇಳಿದ್ದೆ. ಚೀಲದಿಂದ ಎರಡು ಕಿವಿ ಹೊರಬಂದದ್ದು ನೋಡಿ ಇದೇನೆಂದು ಕೇಳಿದರೆ, ಬದನೆಕಾಯಿ ಎಲ್ಲ ಹುಳುಕಿದ್ದವು ಎಂದಷ್ಟೇ ಹೇಳಿ ಹಾಲು ಕಾಸಲು ಹೋದರು.

ಇವರು ಮಾತು ಕಡಿಮೆಯವರು. ಕಡಿಮೆ ಎಂದರೆ ಮನುಷ್ಯರೊಡನೆ ಕಡಿಮೆ. ಸಂಜೆ ಬಂದು ಕೈಕಾಲು ತೊಳೆದು, ಪಡಸಾಲೆಯ ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲಿನ ಬೆಕ್ಕಿಗೆ ಆ ದಿನದ ವರದಿಯನ್ನೆಲ್ಲ ಒಪ್ಪಿಸುತ್ತಾರೆ. ಸಾಹೇಬರು ಇವತ್ತು ಯಾರ ಮೇಲೆ ಸಿಟ್ಟಾದರು, ಬಸ್ಸು ಎಲ್ಲಿ ಕೆಟ್ಟು ನಿಂತಿತು, ನಿಡೋಣಿಯ ಮುದುಕನೊಬ್ಬ ತನ್ನ ಕೆಲಸವಾಯಿತೆಂದು ಖುಷಿಯಾಗಿ ಎಲ್ಲರಿಗೂ ಪೇರಲಹಣ್ಣು ಹಂಚಿ ಹೋದದ್ದು, ಇಂಥವು. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ. ರೊಟ್ಟಿಯ ಸಪ್ಪಳ ನಿಂತದ್ದು ಕೇಳಿ ಅವರೂ ಧ್ವನಿ ಸ್ವಲ್ಪ ಏರಿಸುತ್ತಾರೆ. ನಮ್ಮ ಸಂಸಾರದ ಅರ್ಧ ಸುದ್ದಿ ನನಗೆ ಹೀಗೆ ಬೆಕ್ಕಿನ ಕಡೆಯಿಂದಲೇ ಬರುವುದು. ಅದರಿಂದ ನನಗೇನೂ ಅವಮಾನವಾಗಿಲ್ಲ. ಮೇಲಧಿಕಾರಿಯ ಪತ್ರ ಕೂಡ ನಮಗೆ ಹೆಡ್ ಮಾಸ್ತರರ ಮೂಲಕವೇ ಬರುತ್ತದಲ್ಲ.

ಬೆಕ್ಕು ಸಾಕಿದ ಮನೆಗೆ ಇನ್ನೊಂದು ತೊಡಕು ಶಕುನದ್ದು. ಹೊರಡುವಾಗ ಬೆಕ್ಕು ಅಡ್ಡ ಬಂದರೆ ಐದು ನಿಮಿಷ ಕುಳಿತು ಹೋಗಬೇಕೆಂದು ಎಲ್ಲರಿಗೂ ಗೊತ್ತು. ಬೆಲ್ಲವ್ವ ದಿನಾ ಮುಂಜಾನೆ ಇವರ ಕಾಲಿಗೇ ಸುತ್ತಿಕೊಳ್ಳುತ್ತಾಳೆ. ಶಾಸ್ತ್ರದ ಪ್ರಕಾರ ಹೋಗಿದ್ದರೆ ಇವರು ಇಷ್ಟು ಹೊತ್ತಿಗೆ ನೌಕರಿ ಕಳೆದುಕೊಂಡಿರಬೇಕು. ನನ್ನ ಅವ್ವನನ್ನು ಕೇಳಿದರೆ, ಮನೆಯ ಬೆಕ್ಕು ಅಡ್ಡ ಬಂದರೆ ಅದು ಶಕುನವಲ್ಲ, ಬಾಗಿಲತನಕ ಬಂದು ಕಳಿಸಿಕೊಟ್ಟ ಹಾಗೆ ಎಂದು ತೀರ್ಪು ಕೊಟ್ಟಳು. ಎದುರುಮನೆಯವರು ಮಾತ್ರ ಇವತ್ತಿಗೂ ಬೆಲ್ಲವ್ವನನ್ನು ಕಂಡರೆ ಸ್ಕೂಟರು ಬಂದ್ ಮಾಡಿ ನಿಲ್ಲುತ್ತಾರೆ.

ಅವ್ವ ಇರುವುದು ಅಣ್ಣನ ಮನೆಯಲ್ಲಿ, ಘೋಣಸಗಿಯಲ್ಲಿ. ಅದೇ ನನ್ನ ತವರು. ವಿಜಯಪುರದಿಂದ ಟಿಕೋಟಾಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೋ ಸಿಕ್ಕರೆ ಟಂಟಂ, ಇಲ್ಲದಿದ್ದರೆ ಮತ್ತೊಂದು ಬಸ್ಸು. ದೂರವೆನ್ನುವಂತಿಲ್ಲ, ಮುಂಜಾನೆ ಹೋಗಿ ಸಂಜೆ ತಿರುಗಿ ಬರಬಹುದು. ಹಾಗಿದ್ದೂ ಮದುವೆಯಾದಾಗಿನಿಂದ ನಾನು ಹೋಗುತ್ತಿದ್ದದ್ದು ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ. ಅಣ್ಣ ಕರೆಯಲು ಬರುತ್ತಿದ್ದ, ನಾನು ಹೋಗುತ್ತಿದ್ದೆ. ನಮ್ಮ ಕಡೆ ಹೆಣ್ಣುಮಗಳು ಕರೆಯದೆ, ಒಬ್ಬಳೇ ಚೀಲ ಹಿಡಿದು ತವರಿನ ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಕುಳಿತವರೆಲ್ಲ ‘ಯಾಕ, ಏನಾತು?’ ಎಂದೇ ಕೇಳುತ್ತಾರೆ. ಏನೂ ಆಗಿಲ್ಲ, ಅವ್ವನ ಮುಖ ನೋಡಬೇಕೆನಿಸಿತು ಎಂದರೆ ನಂಬುವುದಿಲ್ಲ. ಗಂಡ ಜೊತೆಗಿದ್ದರೆ ಯಾರೂ ಕೇಳುವುದಿಲ್ಲ.

ಆದರೆ ಗಂಡನಿಗೆ ಅತ್ತೆಯ ಮನೆ ಎಂದರೆ ಸಂಕೋಚ. ಅದು ಅವರ ತಪ್ಪೂ ಅಲ್ಲ. ಅಳಿಯ ಬಂದ ಎಂದರೆ ಹೋಳಿಗೆ ಆಗಬೇಕು, ಎಣ್ಣೆಗಾಯಿ ಆಗಬೇಕು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಲ್ಲಬೇಕು. ಅಣ್ಣ ಹೊಲದ ಕೆಲಸ ಬಿಟ್ಟು ಬಂದು ಎದುರಿಗೆ ಕುಳಿತು ‘ಮತ್ತ?’ ಅನ್ನಬೇಕು, ಇವರು ‘ಆರಾಮ್ರಿ’ ಅನ್ನಬೇಕು. ಆಮೇಲೆ ಇಬ್ಬರೂ ಊಟಕ್ಕೆ ಕರೆಯುವವರೆಗೆ ಗೋಡೆಯ ಕ್ಯಾಲೆಂಡರು ನೋಡುತ್ತ ಕುಳಿತಿರುತ್ತಾರೆ. ಇಂಥ ಮರ್ಯಾದೆಯನ್ನು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಯಾರು ತಡೆದುಕೊಳ್ಳುತ್ತಾರೆ?

ಭಕ್ತಿಯ ವಿಷಯದಲ್ಲಿ ಹಿಂದಿನವರು ಎರಡು ನ್ಯಾಯ ಹೇಳುತ್ತಾರೆ. ಒಂದು ಮಂಗನ ಮರಿಯದು, ಇನ್ನೊಂದು ಬೆಕ್ಕಿನ ಮರಿಯದು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಂಡಿರುತ್ತದೆ. ಕೈ ಬಿಟ್ಟರೆ ಬಿತ್ತು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ಬಿದ್ದಲ್ಲಿ ಬಿದ್ದು ಮ್ಯಾಂವ್ ಅನ್ನುತ್ತದೆ. ತಾಯಿಯೇ ಬಂದು ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಇವೆರಡರಲ್ಲಿ ಯಾವುದು ಮೇಲೆಂದು ಪಂಡಿತರು ಬಹಳ ಜಗಳಾಡಿದ್ದಾರೆ. ತವರಿನ ವಿಷಯದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಬೆಕ್ಕಿನ ಮರಿಯ ಪಕ್ಷ. ಯಾರಾದರೂ ಬಂದು ಎತ್ತಿಕೊಂಡು ಹೋಗಬೇಕು. ನಾನಂತೂ ಮ್ಯಾಂವ್ ಅನ್ನುವುದನ್ನೂ ಬಿಟ್ಟುಬಿಟ್ಟಿದ್ದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಏನೋ ಕೆಲಸಕ್ಕೆಂದು ವಿಜಯಪುರಕ್ಕೆ ಬಂದ ಅಣ್ಣ ನಮ್ಮ ಮನೆಗೂ ಬಂದ. ಅವನದು ದ್ರಾಕ್ಷಿ ತೋಟ, ಜೊತೆಗೊಂದಿಷ್ಟು ಬಿಳಿಜೋಳ. ಆ ವರ್ಷ ಇಲಿಗಳು ಅವನ ಜೀವ ಹಿಂಡಿದ್ದವು. ತೋಟದಲ್ಲಿ ಡ್ರಿಪ್ ಪೈಪು ಕಡಿದಿದ್ದವು, ಮನೆಯಲ್ಲಿ ಜೋಳದ ಚೀಲ ತೂತು ಮಾಡಿದ್ದವು. ಕಾಳಿರುವ ಖೋಲಿಯಲ್ಲಿ ವಿಷ ಇಡಲು ಅವ್ವ ಬಿಡುವುದಿಲ್ಲ. ಮನೆಯ ಬೆಕ್ಕು ಎತ್ತಲೋ ಹೋಗಿ ತಿಂಗಳಾಗಿತ್ತು. ಇಷ್ಟೆಲ್ಲ ಹೇಳುತ್ತ ಚಹಾ ಕುಡಿಯುತ್ತಿದ್ದವನ ಕಣ್ಣು ಸೋಫಾದ ಮೇಲೆ ಮಲಗಿದ್ದ ಬೆಲ್ಲವ್ವನ ಮೇಲೆ ಬಿತ್ತು. ‘ಈಕಿನ್ನ ಎಂಟ ದಿನಾ ಕೈಗಡ ಕೊಡು ತಂಗಿ,’ ಎಂದ.

ನಮ್ಮಲ್ಲಿ ಕೈಗಡವೆಂದರೆ ರೊಕ್ಕವೇ ಆಗಬೇಕೆಂದಿಲ್ಲ. ಎತ್ತು, ಏಣಿ, ದೊಡ್ಡ ಪಾತ್ರೆ, ಮದುವೆಯಲ್ಲಿ ಉಡುವ ರೇಷ್ಮೆ ಸೀರೆ, ಎಲ್ಲವೂ ಬಂಧುಗಳ ಮನೆಗೆ ಕೈಗಡ ಹೋಗುತ್ತವೆ, ಬರುತ್ತವೆ. ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯಿಲ್ಲ, ತವರಿನವರಿಗಂತೂ ಇಲ್ಲವೇ ಇಲ್ಲ. ನಾನು ಮರುಮಾತಿಲ್ಲದೆ ಬೆಲ್ಲವ್ವನನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಹಳೆಯ ಟಾವೆಲ್ಲು ಕಟ್ಟಿ ಕೊಟ್ಟೆ. ಬೆಲ್ಲವ್ವ ಜನ್ಮದಲ್ಲಿ ಇಲಿಯನ್ನು ಕಂಡವಳಲ್ಲ. ಆಕೆಯ ಊಟ ಹಾಲಿನಲ್ಲಿ ನೆನೆಸಿದ ರೊಟ್ಟಿ, ಅದೂ ಬಿಸಿ ಇರಬೇಕು. ಬೆಕ್ಕು ಎಂದ ಮೇಲೆ ಇಲಿ ಹಿಡಿದೇ ಹಿಡಿಯುತ್ತದೆ ಎಂದು ಅಣ್ಣನೂ ನಂಬಿದ, ನಾನೂ ನಂಬಿದೆ. ಮಾಸ್ತರರ ಮಗ ಶಾಣ್ಯಾ ಇದ್ದೇ ಇರುತ್ತಾನೆ ಎಂದು ಊರೆಲ್ಲ ನಂಬುತ್ತದಲ್ಲ, ಹಾಗೆ.

ಸಂಜೆ ಇವರು ಬಂದರು. ವಿಷಯ ಹೇಳಿದೆ. ‘ಕೊಟ್ಟಿ?’ ಎಂದರು. ಎಂಟೇ ದಿನ ಎಂದೆ. ‘ಹೂಂ,’ ಎಂದು ಕುರ್ಚಿಯಲ್ಲಿ ಕುಳಿತು ಖಾಲಿ ತೊಡೆಯನ್ನು ನೋಡಿಕೊಂಡರು. ಆಗ ನನಗೆ ಕೆಡುಕೆನಿಸಿತು. ಬೆಕ್ಕು ತಂದವರು ಅವರು, ಮಾತಾಡಿಸುತ್ತಿದ್ದವರು ಅವರು, ಕೊಟ್ಟುಬಿಟ್ಟವಳು ನಾನು. ಆ ವಾರ ನಮ್ಮ ಮನೆಯಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಬಬಲೇಶ್ವರದಲ್ಲಿ ಏನಾಗುತ್ತಿದೆ ಎಂಬುದು ನನಗೆ ತಿಳಿಯದೇ ಹೋಯಿತು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ, ಏನೂ ಇಲ್ಲ.

ರವಿವಾರ ಬೆಳಗ್ಗೆ ಎದ್ದು ನೋಡಿದರೆ ಇವರು ಗಡ್ಡ ಕೆರೆದುಕೊಂಡು ಇಸ್ತ್ರಿಯ ಅಂಗಿ ಹಾಕಿದ್ದಾರೆ. ‘ನಿಮ್ಮಣ್ಣನ ಪೈಪಿಂದು ಏನಾತೋ ಏನೋ. ನೋಡ್ಕೊಂಡು ಬರೂಣ ನಡಿ,’ ಎಂದರು. ಡ್ರಿಪ್ ಪೈಪಿನ ಮೇಲೆ ಇವರಿಗೆ ಇಷ್ಟು ಕಾಳಜಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೈಚೀಲದೊಳಗೆ ಪೇಪರಿನಲ್ಲಿ ಸುತ್ತಿದ, ಬೆಲ್ಲವ್ವ ಹಾಲು ಕುಡಿಯುವ ವಾಟಗ ಕಂಡಿತು. ನಾನು ಏನೂ ಕೇಳಲಿಲ್ಲ. ಕೇಳಿ ಮನಸ್ಸು ಬದಲಾದರೆ? ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಟಿಕೋಟಾದವರೆಗೆ ಸುಮ್ಮನೆ ನಗುತ್ತಲೇ ಇದ್ದೆ.

ಹೇಳದೆ ಕೇಳದೆ ಅಳಿಯ ಬಂದದ್ದು ನೋಡಿ ಅಣ್ಣನ ಹೆಂಡತಿ, ನಮ್ಮ ವೈನಿಯ ಮುಖ ಬಿಳಿಚಿತು. ಕಡಲೆಬೇಳೆ ನೆನೆಹಾಕಿಲ್ಲ, ಹೋಳಿಗೆ ಹೇಗೆ ಮಾಡಬೇಕು? ಇವರು ಬಾಗಿಲಲ್ಲೇ ನಿಂತು, ಏನೂ ಮಾಡಬೇಡಿ, ತಾವು ಬೆಕ್ಕನ್ನು ನೋಡಲು ಬಂದದ್ದು ಎಂದರು. ಆ ಒಂದು ಮಾತು ಇಷ್ಟು ವರ್ಷದ ಗಂಟನ್ನು ಬಿಚ್ಚಿಬಿಟ್ಟಿತು. ಅಳಿಯನಾಗಿ ಬಂದವನಿಗೆ ಹೋಳಿಗೆ ಬೇಕು. ಬೆಕ್ಕು ನೋಡಲು ಬಂದವನಿಗೆ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ ಸಾಕು. ಇವರು ಅಡಿಗೆಮನೆಯ ಹೊಸ್ತಿಲ ಹತ್ತಿರವೇ ಕುಳಿತು ದಿನದಕ್ಕಿಂತ ಎರಡು ರೊಟ್ಟಿ ಜಾಸ್ತಿ ಉಂಡರು.

ಬೆಲ್ಲವ್ವ ಜೋಳದ ಚೀಲಗಳ ಮೇಲೆ ಮಲಗಿದ್ದಳು. ಕೆಳಗಿನ ಚೀಲದಲ್ಲಿ ಇಲಿ ಕಡಿಯುವ ಸಪ್ಪಳ ನಮಗೆಲ್ಲ ಕೇಳಿಸುತ್ತಿತ್ತು. ಆಕೆಗೂ ಕೇಳಿಸಿರಬೇಕು, ಒಂದು ಕಿವಿ ಅಲುಗಿಸಿ ಮಗ್ಗುಲಾದಳು. ಇವರು ಆಕೆಯನ್ನು ಎತ್ತಿಕೊಂಡು ಪಡಸಾಲೆಗೆ ಬಂದರು. ಬಾಗಿಲ ಮರೆಗೆ ನಿಂತಿದ್ದ ಅವ್ವನಿಗೆ ಅಳಿಯನೊಡನೆ ಮಾತಾಡಿ ರೂಢಿಯಿಲ್ಲ, ಮಾತಾಡಿಸದೆ ಇರಲು ಮನಸ್ಸೂ ಇಲ್ಲ. ಸ್ವಲ್ಪ ಹೊತ್ತು ನೋಡಿ ಬೆಕ್ಕಿಗೆ ಹೇಳಿದಳು.

‘ಏನ ಬೇ ಬೆಲ್ಲವ್ವಾ, ನಿಮ್ಮ ಸಾಹೇಬ್ರು ಚಾ ಕುಡೀತಾರೇನ ಕೇಳು.’

ಇವರು ಬೆಕ್ಕಿನ ಬೆನ್ನು ಸವರುತ್ತ, ‘ಅರ್ಧಾ ಕಪ್ಪ ಸಾಕಂತ ಹೇಳವ್ವಾ,’ ಎಂದರು.

ನನ್ನ ಮದುವೆಯಾದ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತು ಅದು. ನಾನು ಮತ್ತು ವೈನಿ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಆದರೆ ಮುಂದಿನ ರವಿವಾರವೂ ಇವರು ಪೈಪಿನ ವಿಚಾರ ತೆಗೆದರು, ಅದರ ಮುಂದಿನ ರವಿವಾರವೂ. ಬರಬರುತ್ತ ಅವ್ವ ಬಾಗಿಲ ಮರೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಪಡಸಾಲೆಯ ಕಂಬಕ್ಕೆ ಬಂದಳು. ಬೆಕ್ಕನ್ನು ನಡುವೆ ಕೂರಿಸಿಕೊಂಡು ಮೊಣಕಾಲು ನೋವು, ಈ ಸಲದ ಚಳಿ, ಮೊಮ್ಮಗಳ ಓದು ಎಲ್ಲವೂ ಮಾತಿಗೆ ಬಂದವು. ನಡುನಡುವೆ ಬೆಕ್ಕನ್ನು ಮರೆತು ನೇರವಾಗಿಯೇ ಮಾತಾಡಿಬಿಟ್ಟು, ಇಬ್ಬರೂ ನಾಚಿಕೊಂಡು, ಮತ್ತೆ ಬೆಕ್ಕಿನ ಕಡೆ ತಿರುಗುತ್ತಿದ್ದರು.

ಇನ್ನು ನನ್ನ ಸುಖವನ್ನು ಏನೆಂದು ಹೇಳಲಿ. ಅಲ್ಲಿ ನಾನು ಮಾಡುತ್ತಿದ್ದದ್ದು ಏನೂ ಇಲ್ಲ. ವೈನಿಯೊಡನೆ ಕುಳಿತು ಕಡಲೆಗಿಡದ ಹಸಿ ಕಾಯಿ ಬಿಡಿಸಿ, ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ. ಅವ್ವ ತಲೆಗೆ ಎಣ್ಣೆ ತಟ್ಟುತ್ತ, ಕೂದಲು ಎಷ್ಟು ಉದುರಿದೆಯಲ್ಲೇ ಎಂದು ಬೈಯುವುದು. ಹಬ್ಬಕ್ಕೆ ಹೋದರೆ ಇದಕ್ಕೆಲ್ಲ ಪುರಸೊತ್ತು ಸಿಗುವುದಿಲ್ಲ. ಹಬ್ಬದಲ್ಲಿ ತವರೂ ಒಂದು ಕೆಲಸವೇ. ಶನಿವಾರ ಚಹಾ ಹಿಡಿದು ಕುಳಿತರೆ ಈಗ ಗಾದಿ, ಫ್ರಿಜ್ಜು ಒಂದೂ ನೆನಪಾಗುತ್ತಿರಲಿಲ್ಲ.

ಒಂದು ಬುಧವಾರ ಅಣ್ಣ ಫೋನು ಮಾಡಿದ. ‘ಈಕಿನ್ನ ಒಯ್ಯಿರಿ ತಂಗಿ. ಇಲಿ ಬಂದ್ರ ಎದ್ದು ಜಾಗಾ ಬಿಟ್ಟು ಕೊಡ್ತಾಳ,’ ಎಂದ. ಬೆಕ್ಕು ಮನೆಗೆ ಬಂದರೆ ರವಿವಾರ ಮತ್ತೆ ಪೇಪರು, ಸೂಸಲಾ, ನಿದ್ದೆ. ಇನ್ನೊಂದಿಷ್ಟು ದಿನ ಇಟ್ಟುಕೋ, ಕಲಿಯುತ್ತಾಳೆ ಎಂದೆ. ಕಲಿಕೆಯಲ್ಲಿ ಹಿಂದುಳಿದವರಿಗೆ ಸಮಯ ಕೊಡಬೇಕು, ಗದರಿಸಬಾರದು ಎಂದು ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಬೆಕ್ಕಿನ ಪರವಾಗಿ ಹೇಳಿದೆ. ಇವರಿಗೆ ಮಾತ್ರ, ಅಣ್ಣನಿಗೆ ಇನ್ನೂ ಬೆಕ್ಕು ಬೇಕಂತೆ ಎಂದೆ. ಇವರು ನಿಟ್ಟುಸಿರು ಬಿಟ್ಟು, ಆಗಲಿ ಎಂದರು. ಅಣ್ಣ ಸಂತೆಗೆ ಹೋಗಿ ಒಂದು ಇಲಿ ಬೋನು ತಂದುಕೊಂಡ.

ಹೀಗೆ ಎಂಟು ದಿನದ ಕೈಗಡ ಸೀತನಿಯ ಕಾಲದವರೆಗೆ ಬಂತು. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ ತಿನ್ನುವುದೇ ಸೀತನಿ. ವರ್ಷದಲ್ಲಿ ನಾಲ್ಕು ದಿನದ ಭಾಗ್ಯ ಅದು. ಕಾಳು ಬಲಿತರೆ ಮುಗಿಯಿತು. ಮದುವೆಯಾದ ಮೇಲೆ ನಾನು ಸೀತನಿ ತಿಂದಿರಲಿಲ್ಲ, ಅದರ ಹಂಗಾಮಿನಲ್ಲಿ ನನ್ನನ್ನು ಕರೆಯುವ ಹಬ್ಬ ಯಾವುದೂ ಇರಲಿಲ್ಲ. ಆ ರವಿವಾರ ಎಲ್ಲರೂ ಹೊಲದಲ್ಲಿ ಬೆಂಕಿಯ ಸುತ್ತ ಕುಳಿತೆವು. ಅಣ್ಣ ಸುಡುವುದು, ವೈನಿ ತಿಕ್ಕುವುದು, ಇವರು ಊದಿ ಊದಿ ಹೊಟ್ಟು ಹಾರಿಸುವುದು. ಹಿಂಡಿ, ಬೆಲ್ಲ, ಕೆನೆಮೊಸರು. ಅವ್ವ ಬೊಗಸೆ ತುಂಬ ಕಾಳು ತಂದು ಮೊದಲು ನನ್ನ ಕೈಗೆ ಹಾಕಿದಳು. ನನಗೆ ಅಳು ಬಂತು. ಹೊಗೆ ಎಂದು ಹೇಳಿದೆ.

ಅದಾದ ವಾರವೇ, ಗುರುವಾರ, ನಾನು ಸಾಲೆಯಿಂದ ಬರುವಷ್ಟರಲ್ಲಿ ಅಣ್ಣ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ. ಕೈಗಡ ತಂದದ್ದನ್ನು ಬರಿಗೈಯಲ್ಲಿ ತಿರುಗಿ ಕೊಡಬಾರದೆಂದು ಒಂದು ಚೀಲ ಬದನೆಕಾಯಿ, ಒಂದು ಪುಡಿಕೆ ಒಣದ್ರಾಕ್ಷಿ ತಂದಿದ್ದ. ಪಾಪ, ಬೆಕ್ಕಿನ ಸಲುವಾಗಿ ಸಾಹೇಬರು ಪ್ರತಿ ರವಿವಾರ ಅಷ್ಟು ದೂರ ಬಸ್ಸಿನಲ್ಲಿ ಬರಬೇಕಾಯಿತು, ನಾವೇ ತಿಳಿದುಕೊಳ್ಳಬೇಕಿತ್ತು ಎಂದು ನನ್ನ ಮುಂದೆ ತಪ್ಪೊಪ್ಪಿಕೊಂಡ. ಇಷ್ಟು ಒಳ್ಳೆಯ ಅಣ್ಣನ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ಚಹಾ ಮಾಡಿ ಕೊಟ್ಟೆ.

ಸಂಜೆ ಇವರ ಕುರ್ಚಿಯಿಂದ ಬಾಕಿ ಉಳಿದ ಸುದ್ದಿಗಳೆಲ್ಲ ಒಂದೇ ಸಮನೆ ಹೊರಬಿದ್ದವು. ಕಚೇರಿಗೆ ಹೊಸ ಸಾಹೇಬರು ಬಂದದ್ದು ನನಗೆ ಗೊತ್ತಾದದ್ದೇ ಆಗ. ಬೆಲ್ಲವ್ವ ಮಾತ್ರ ಮೊದಲಿನ ಹಾಗೆ ತೊಡೆಯ ಮೇಲೆ ನಿಲ್ಲಲಿಲ್ಲ. ಇಳಿದು ಹೋಗಿ ಬಾಗಿಲ ಕಡೆ ಮುಖ ಮಾಡಿ ಕುಳಿತಳು. ಶುಕ್ರವಾರವೂ ಅಷ್ಟೇ, ಶನಿವಾರವೂ ಅಷ್ಟೇ. ವಾಟಗದಲ್ಲಿ ಹಾಲು ಅರ್ಧ ಉಳಿಯುತ್ತಿತ್ತು.

ರವಿವಾರ ಮುಂಜಾನೆ ನಾನು ಗಾದಿ ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತ ಚಹಾಕ್ಕೆ ಇಟ್ಟಿದ್ದೆ. ಇವರು ಇಸ್ತ್ರಿಯ ಅಂಗಿ ಹಾಕಿ, ಬುಟ್ಟಿ ಹಿಡಿದು ಬಂದರು.

‘ಘೋಣಸಗಿಗೆ ಹೋಗೂಣು,’ ಎಂದರು. ‘ಬೆಲ್ಲವ್ವಗ ಅಲ್ಲೀ ನೆನಪಾಗಾಕತ್ತೈತಿ. ಬಂದಾಗಿಂದ ಬಾಗಲಾ ನೋಡ್ಕೋತ ಕುಂತಾಳ. ಮೂಕ ಪ್ರಾಣಿ, ಬಾಯಿಲೆ ಹೇಳಾಕ ಬರ್ತೈತೇನು? ನಾವು ತಿಳ್ಕೋಬೇಕು.’

ಮೊದಲು ಖುಷಿಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಬಾಗಿಲು ನೋಡುತ್ತ ಕುಳಿತದ್ದು ಈ ಮನೆಯಲ್ಲಿ ಬೆಕ್ಕೊಂದೇ ಏನು? ಆಗಲಿ, ಯಾರ ಹೆಸರಿನ ಮೇಲಾದರೂ ಹೋಗುವುದಾಗುತ್ತದಲ್ಲ.

ಅಷ್ಟರಲ್ಲಿ ಬುಟ್ಟಿ ಕಂಡ ಬೆಲ್ಲವ್ವ ಒಂದೇ ನೆಗೆತಕ್ಕೆ ಮಂಚದ ಕೆಳಗೆ ಹೊಕ್ಕಳು. ಇವರು ಬಗ್ಗಿ ಕರೆದರು, ರೊಟ್ಟಿ ತೋರಿಸಿದರು, ನೆಲದ ಮೇಲೆ ಮಲಗಿ ಕೈ ಚಾಚಿದರು. ಆಕೆ ಗೋಡೆಗೆ ಅಂಟಿಕೊಂಡು ಗುರ್ರ್ ಎಂದಳು. ಕಡೆಗೆ ಇವರು ಎದ್ದು, ಮೊಣಕಾಲಿನ ಧೂಳು ಜಾಡಿಸಿಕೊಂಡು ಮಂಚದ ಮೇಲೆ ಕುಳಿತರು. ‘ಒಲ್ಲೆ ಅಂತಾಳ. ಹಂಗಾರ ಬ್ಯಾಡ ಬಿಡು,’ ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದರು.

ಆ ಅಂಗಿ ಗೂಟಕ್ಕೆ ಹೋಯಿತೆಂದರೆ ನನ್ನ ರವಿವಾರ ಹೋಯಿತು, ಬರುವ ರವಿವಾರಗಳೂ ಹೋದವು.

‘ಆಕಿ ಒಲ್ಲೆ ಅಂದಾಳ,’ ಎಂದೆ. ‘ನಾ ಒಲ್ಲೆ ಅಂದಿಲ್ಲ. ನನಗ ಹೋಗಬೇಕಾಗೇತ್ರಿ. ಮದುವ್ಯಾದಾಗಿಂದ ಪ್ರತಿ ರವಿವಾರ ಹೋಗಬೇಕಾಗೇತಿ.’

ಇವರ ಕೈ ಗುಂಡಿಯ ಮೇಲೆಯೇ ನಿಂತಿತು. ನನ್ನನ್ನು ನೋಡಿದರು. ನಾಟಕ ಮಾಡುವ ಮನುಷ್ಯನಲ್ಲ, ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

‘ಮತ್ತ ಒಮ್ಮೆರ ಹೇಳಬಾರದ?’ ಎಂದರು. ‘ನಿನಗ ಬಾಯಿ ಐತಿ, ಬೇಕಾದ್ರ ಹೇಳ್ತಿ ಅಂತ ನಾ ಸುಮ್ಮ ಇದ್ದೆ.’

ಇದಕ್ಕೆ ನನ್ನಲ್ಲಿ ಬೇಕಾದಷ್ಟು ಉತ್ತರಗಳಿದ್ದವು. ಆದರೆ ಬಸ್ಸಿನ ಹೊತ್ತಾಗಿತ್ತು, ಗ್ಯಾಸು ಬಂದ್ ಮಾಡಿ, ಮಂಚದ ಕೆಳಗೇ ಉಳಿದ ಬೆಲ್ಲವ್ವನಿಗೆ ಹಾಲಿಟ್ಟು, ಸೀರೆ ಬದಲಿಸಲು ಓಡಿದೆ. ಉತ್ತರಗಳನ್ನೆಲ್ಲ ಬಸ್ಸಿನಲ್ಲಿ ಕುಳಿತ ಮೇಲೆ ಒಂದೊಂದಾಗಿ ಹೇಳಿದೆ. ಟಿಕೋಟಾ ಬಂದರೂ ಮುಗಿದಿರಲಿಲ್ಲ. ಇವರು ಟಂಟಂನಲ್ಲಿ ನನಗೆ ಜಾಗ ಮಾಡಿಕೊಟ್ಟು, ಪಕ್ಕದಲ್ಲಿ ಕುಳಿತು, ‘ಹೂಂ, ಮುಂದ?’ ಎಂದರು.